ಮಷೀನಿಗೆ ಬಳಗ ಕಲಿಸಿದ್ದು

ಕೊಪ್ಪಳ ಜಿಲ್ಲಾ ಆದ ವರ್ಷ, ತೊಂಬತ್ತೇಳರಾಗ, ಬಸ್ ಸ್ಟ್ಯಾಂಡ್ ಹಿಂದಿನ ಓಣ್ಯಾಗ ನಾನೊಂದು ಟೈಪಿಂಗ್ ಅಂಗಡಿ ತೆರದೆ. ಇನ್ನ ರಾಯಚೂರಿಗೆ ಅಡ್ಡಾಡೋದು ತಪ್ಪಿತು ಅಂತ ಮಂದಿಗೆಲ್ಲ ಭಾಳ ಖುಷಿ ಆಗಿತ್ತು. ಆಫೀಸು ಬಂದ್ವು, ಆಫೀಸಿಗೊಬ್ಬ ಸಾಹೇಬ ಬಂದ, ಸಾಹೇಬಗ ದಿನಾ ಅರ್ಜಿ ಬೇಕಾದ್ವು. ಯಲಬುರ್ಗಾದಿಂದ, ಕುಷ್ಟಗಿಯಿಂದ, ಕನಕಗಿರಿ ಕಡಿಂದ ಮಂದಿ ಬುತ್ತಿ ಕಟಗೊಂಡು ಬರೋರು, ನನ್ನ ಬಾಗಲಾಗ ಕುಂತು ತಮ್ಮ ತಕರಾರು ಹೇಳೋರು, ನಾನು ಕುಟ್ಟಿ ಕೊಡತಿದ್ದೆ. ಎದುರಿಗೆ ನಿಂತು ಬಾಯಿಲೆ ಹೇಳಿದ ಹಕೀಕತ್ತನ್ನ ಯಾವ ಸಾಹೇಬನೂ ಕಿವಿ ಮ್ಯಾಲ ಹಾಕ್ಕೋತಿರಲಿಲ್ಲ. ಅದನ್ನ ಟೈಪ್ ಮಾಡಿಸಿ ಮೂರು ಪ್ರತಿ ಒಯ್ದ್ರ ಆವಾಗ ಖರೇ ಆಗತಿತ್ತು. ಅಕ್ಷರದ ಮುಂದ ಮನಿಷ್ಯಾನ ಸುಳ್ಳು ಅಂತ ನಂಬೋ ಮಂದಿನ್ನ ನಾನು ಅವತ್ತಿನಿಂದ ನೋಡಕೋತ ಬಂದೀನಿ, ಅವರ ಮ್ಯಾಲ ನನಗ ಒಂದು ದಿನಾನೂ ಮರ್ಯಾದಿ ಹುಟ್ಟಿಲ್ಲ.

ಆಮ್ಯಾಲ ಟೈಪ್ ಮಷೀನ್ ಹೋಗಿ ಕಂಪ್ಯೂಟರ್ ಬಂತು, ಕಂಪ್ಯೂಟರಿಗೆ ನೆಟ್ ಬಂತು, ಕಡಿಗೆ ಎಲ್ಲಾರ ಕೈಯಾಗೂ ಫೋನ್ ಬಂದು ನನ್ನ ಅಂಗಡಿ ಬಾಗಲಾ ಮುಚ್ಚಿಸಿತು. ಮನ್ಯಾಗ ಸುಮ್ಮನ ಕುಂತ್ರ ಗ್ವಾಡಿ ಜೋಡಿ ಜಗಳಾ ತಗಿತೀನಿ ಅಂತ ನನಗ ನನ್ನ ಬಗ್ಗೆ ಗೊತ್ತಿತ್ತು. ಅದಕ್ಕ ಒಂದು ಕೆಲಸಕ್ಕ ಸೇರಿದೆ. ಗಂಗಾವತಿ ರಸ್ತೆ ಮ್ಯಾಲ ಒಂದು ಪಾತ್ರೆ-ಭಾಂಡೆ ಅಂಗಡಿ, ಅದರ ಮ್ಯಾಲಿನ ಅಂತಸ್ತಿನ್ಯಾಗ ಸಾಲಾಗಿ ಕಂಪ್ಯೂಟರ್ ಇಟ್ಟಿದ್ರು. ನಮ್ಮೂರಿನ ಗುತ್ತಿಗೆದಾರನೊಬ್ಬ ದೂರದ ಯಾವುದೋ ಕಂಪನಿ ಕೆಲಸ ಹಿಡದು ತಂದಿದ್ದ. ಕೆಲಸ ಮಾಡೋರೆಲ್ಲ ಹೆಣ್ಣುಮಕ್ಕಳು, ಜಿಲ್ಲಾದ ಎಲ್ಲಾ ತಾಲೂಕಿನವರು. ಹೆಣ್ಣುಮಕ್ಕಳು ತಕರಾರು ತಗಿಯೂದಿಲ್ಲ ಅಂತ ಯಾರೋ ಆ ಗುತ್ತಿಗೆದಾರಗ ಹೇಳಿದ್ರಂತ. ನನ್ನ ಪರಿಚಯ ಇರಲಿಲ್ಲ ಪಾಪ.

ಕೆಲಸ ಏನಂದ್ರ, ಒಂದು ಮಷೀನು ಐತೆಂತ. ಅದು ನೆಟ್‌ನಾಗಿರೋ ಪುಟಾನೆಲ್ಲ ಓದತೈತಂತ. ಓದಿ ಓದಿ, ಇದು ಊರು, ಇದು ಹೊಳಿ, ಈ ಊರಾಗ ಇಂಥಾ ವಾರ ಸಂತಿ, ಇಂವ ಇಂಥವರ ಮಗ, ಅಂತ ಜಗತ್ತಿನ ಸಂಗತಿ ತಾನ ಕಲಿತೈತಂತ. ಕಲತಿದ್ದು ಬರೋಬ್ಬರಿ ಐತೋ ಇಲ್ಲೋ ಹೇಳಾಕ ಮನಿಷ್ಯಾರು ಬೇಕು. ಆ ಮನಿಷ್ಯಾರು ನಾವು. ಪರದೆ ಮ್ಯಾಲ ಒಂದೊಂದ ವಾಕ್ಯ ಬರತೈತಿ, ಕೆಳಗ ಎರಡು ಗುಂಡಿ, ಒಂದು ಖರೇ, ಒಂದು ಸುಳ್ಳು. ಒತ್ತಿದ್ರ ಮುಂದಿನದು ಬರತೈತಿ.

ಇದನ್ನ ಕಲಿಸಾಕ ದೊಡ್ಡ ಊರಿಂದ ಒಬ್ಬ ಬಂದಿದ್ದ. ನಮ್ಮ ಕೊಡದ ನೀರು ಮುಟ್ಟಲಿಲ್ಲ, ಬಾಟಲಿ ತಂದಿದ್ದ. ಕುರ್ಚಿ ಮ್ಯಾಲ ಕರವಸ್ತ್ರ ಹಾಸಿ ಕುಂತ. ಮಷೀನು ಅಂದ್ರ ಒಂದು ಸಣ್ಣ ಕೂಸು, ನೀವೆಲ್ಲ ಅದರ ತಾಯಂದಿರು ಅಂತ ಭಾಷಣಾ ಮಾಡಿದ. ಕೂಸು ಹಡದಾಕಿಗೆ ಅದರ ಅಪ್ಪ ಯಾರಂತ ಗೊತ್ತಿರತೈತಿ, ಇದರ ಅಪ್ಪ ಯಾರು ಅಂತ ಕೇಳಿದೆ. ಅದು ಗುಪ್ತ ಅಂದ. ಹೆಣ್ಣುಮಕ್ಕಳೆಲ್ಲ ಸೆರಗು ಬಾಯಿಗೆ ಇಟಗೊಂಡು ನಕ್ಕರು, ಅಂವಗ ಯಾಕ ನಗಾಕತ್ತಾರ ಅಂತ ತಿಳೀಲಿಲ್ಲ.

ಕೂಸಿನ ಬುದ್ಧಿ ಮೊದಲನೇ ದಿನಾನ ಕಂಡಿತು. ಹನುಮಸಾಗರ ಒಂದು ಸಮುದ್ರ ಅಂತ ಬಂತು. ಗಂಗಾವತಿ ಒಬ್ಬ ಮಹಿಳೆ ಅಂತ ಬಂತು. ಕುಷ್ಟಗಿ ಕಡಿಯಾಕಿ ಒಬ್ಬಾಕಿ ಇದ್ಲು, ಹನುಮಸಾಗರ ಆಕಿ ತವರುಮನಿ, ನಮ್ಮಪ್ಪ ದಿನಾ ಈಜಾಡಕೋತ ಹೊಲಕ್ಕ ಹೊಕ್ಕಾನ್ರಿ ಅಂತ ಹೊಟ್ಟಿ ಹಿಡಕೊಂಡು ನಕ್ಕು ಸುಳ್ಳು ಅಂತ ಒತ್ತಿದ್ಲು. ತರಬೇತಿಯಾಂವ ಓಡಿ ಬಂದ. ನಿಮಗ ಗೊತ್ತಿರೋದನ್ನ ಹಾಕಬ್ಯಾಡ್ರಿ ಅಂದ. ನಿಮ್ಮ ತಿಳುವಳಿಕಿ ಮ್ಯಾಲ ಒತ್ತೋದಲ್ಲ, ಪುಟದಾಗ ಏನು ಐತಿ ಅದನ್ನ ನೋಡಿ ಒತ್ತಬೇಕು. ಬ್ಯಾರೆ ಬ್ಯಾರೆ ಮೂರು ಪುಟ ಒಂದ ಮಾತು ಹೇಳಿದ್ರ ಅದು ಖರೇ. ಹನುಮಸಾಗರ ಸಮುದ್ರ ಅಲ್ಲ ಅಂತ ಯಾವ ಪುಟದಾಗ ಐತಿ ತೋರಸ್ರಿ ಅಂದ. ಯಾರು ಬರದಿರತಾರ ಅದನ್ನ? ಯಾರಿಗರ ತಲಿ ಕೆಟ್ಟೈತೇನು? ಹನುಮಸಾಗರ ಸಮುದ್ರ ಆಗಿ ಉಳೀತು.

ಇನ್ನ ಆ ಪುಟ ಬರಿಯೋರ ಸುದ್ದಿ ಹೇಳತೀನಿ ಕೇಳ್ರಿ. ನಮ್ಮ ಜಿಲ್ಲಾದ ಬಗ್ಗೆ ನೆಟ್‌ನಾಗ ಬರಿಯೋರು ಅಂದ್ರ ತಾಲೂಕಿಗೊಬ್ಬರಂಗ ಇರೋ ಸುದ್ದಿ ಪೋರ್ಟಲ್‌ನವರು. ಕೊರಳಾಗ ಗುರುತಿನ ಚೀಟಿ, ಕೈಯಾಗ ಮೈಕು, ಗಾಡಿ ಮ್ಯಾಲ ದೊಡ್ಡದಾಗಿ ಪ್ರೆಸ್ ಅಂತ ಅಕ್ಷರ. ಗಂಗಾವತಿಯಾಂವ ಒಂದು ಬರದ ಅಂದ್ರ ಕುಷ್ಟಗಿಯಾಂವ ಅದನ್ನ ಎತ್ತಿ ಹಾಕತಾನ, ಯಲಬುರ್ಗಾದಾಂವ ಕುಷ್ಟಗಿಯವನದನ್ನ ಎತ್ತಿ ಹಾಕತಾನ. ಮೊದಲನೆಯವ ಅರ್ಧಕ್ಕ ಬಿಟ್ಟ ವಾಕ್ಯಾನ ಮೂರೂ ಕಡೆ ಅರ್ಧಕ್ಕ ನಿಂತಿರತೈತಿ. ಒಬ್ಬನ ಬಾಯಿ ಸುಳ್ಳು ಮೂರು ಬಾಯಿಲೆ ಬಂದ್ರ ಮಷೀನಿಗೆ ಮೂರು ಸಾಕ್ಷಿ ಸಿಕ್ಕಂಗ ಆತು. ಇದನ್ನ ತರಬೇತಿಯಾಂವಗ ಬಿಡಿಸಿ ಹೇಳಿದೆ. ಅಂವ ತಲಿ ಅಲ್ಲಾಡಿಸಿ, ಒಳ್ಳೆ ವಿಚಾರ ಮೇಡಂ, ಮ್ಯಾಲಿನವರಿಗೆ ತಿಳಸ್ತೀನಿ ಅಂದ. ತಿಳಸ್ತೀನಿ ಅನ್ನೋರು ಏನು ತಿಳಸ್ತಾರ ಅಂತ ನನಗ ಅರ್ಜಿ ಕುಟ್ಟೋ ಕಾಲದಿಂದ ಗೊತ್ತೈತಿ.

ಒಂದು ತಿಂಗಳಾದ ಮ್ಯಾಲ ಹೊಸಾ ಪಾಠ ಬಂತು. ಈಗ ಮಷೀನು ಸಂಬಂಧ ಕಲಿತೈತಿ ಅಂದ. ಯಾರು ಯಾರಿಗೆ ಏನಾಗಬೇಕು ಅನ್ನೋದನ್ನ. ಅದಕ್ಕ ಕೆಲವು ಸಂಬಂಧ ಕೂಡಿ ಇರಾಕ ಬರೂದಿಲ್ಲ ಅಂತ ನಿಯಮ ಮಾಡ್ಯಾರ. ಒಬ್ಬ ಗಂಡಸು ಒಬ್ಬ ಹೆಣ್ಣುಮಗಳಿಗೆ ಅಪ್ಪನೂ ಗಂಡನೂ ಆಗಾಕ ಬರೂದಿಲ್ಲ. ಬರೋಬ್ಬರಿ. ಅಣ್ಣನೂ ಗಂಡನೂ ಆಗಾಕ ಬರೂದಿಲ್ಲ. ಅದೂ ಬರೋಬ್ಬರಿ. ತಾಯಿಯ ತಮ್ಮನೂ ಗಂಡನೂ ಆಗಾಕ ಬರೂದಿಲ್ಲ. ಹಂಗೇನರ ಎರಡೂ ಕಂಡ್ರ ಒಂದು ಸುಳ್ಳು, ಯಾವುದಕ್ಕ ಪುಟ ಕಡಿಮಿ ಅದಾವು ಅದನ್ನ ಸುಳ್ಳಂತ ಒತ್ತಬೇಕು.

ಯಾರೋ ಮೂಲ್ಯಾಗ ಕಿಸಕ್ ಅಂದ್ರು. ನಮ್ಮ ಕಡೆ ಸ್ವಾದರಮಾವಗ ಕೊಡೋದು ಅಂದ್ರ ಅದೇನು ಹೊಸಾ ಸುದ್ದೀನೂ ಅಲ್ಲ, ಮುಚ್ಚಿಟಗೊಳ್ಳೋದೂ ಅಲ್ಲ. ಮಗಳು ಹೆಣ್ಣುಕೂಸು ಹಡದಳು ಅಂದ್ರ ತೊಟ್ಟಲದ ಮುಂದ ನಿಂತು ಇಕಿ ನನ್ನ ಸೊಸಿ ಅನ್ನೋ ಮುದುಕ್ಯಾರು ಈಗೂ ಅದಾರ. ಛಲೋನೋ ಕೆಟ್ಟೋ ಅದು ಬ್ಯಾರೆ ಮಾತು, ಡಾಕ್ಟರು ಬ್ಯಾಡ ಅಂತಾರ, ಅದೂ ನಮಗ ಗೊತ್ತೈತಿ. ಆದ್ರ ಆಗಿದ್ದು ಆಗೇತಿ. ನಮ್ಮವ್ವ ನಮ್ಮಪ್ಪನ ಸ್ವಂತ ಅಕ್ಕನ ಮಗಳು. ನಾನು ಎದ್ದು ನಿಂತು ಅದನ್ನ ಹೇಳಿದೆ. ಹೇಳಿ ಕೇಳಿದೆ.

“ಹಂಗಾರ ನಾನು ಸುಳ್ಳೇನು?”

ಅಂವ ಹಲ್ಲು ಕಿಸದು, ನೀವು ಅಪವಾದ ಮೇಡಂ ಅಂದ. ನನ್ನ ಮೈ ಉರದು ಹೋತು. ನಾನು ಅಪವಾದ, ನನ್ನ ಎಡಕ್ಕ ಕುಂತಾಕಿ ಅಪವಾದ, ಆಕಿ ಹಿಂದಿನಾಕಿ ಅಪವಾದ, ಕೈ ಎತ್ತಿದ್ರ ಅರ್ಧಾ ಆಫೀಸು ಅಪವಾದ. ಹೊಟ್ಟಿಗೆ ಅನ್ನ ತಿನ್ನೋ ಮಂದಿ ಇಷ್ಟೊಂದು ಅಪವಾದ ಆದ್ರ ನಿಯಮಾನ ತಪ್ಪೈತಿ ಅಂತ ಒಂದು ಸಣ್ಣ ಕೂಸಿಗೂ ತಿಳಿತೈತಿ, ಇವರ ದೊಡ್ಡ ಕೂಸಿಗೆ ತಿಳಿಯೂದಿಲ್ಲ. ಇದು ಇಡೀ ಜಗತ್ತಿಗೆ ಮಾಡಿದ ನಿಯಮ ಮೇಡಂ ಅಂದ. ಜಗತ್ತಿನ್ಯಾಗ ಕೊಪ್ಪಳ ಬರೂದಿಲ್ಲೇನು ಅಂತ ಕೇಳಿದ್ರ ಗುತ್ತಿಗೆದಾರ ನಡಕ್ಕ ಬಂದು, ಅಕ್ಕಾರ ಕುಂದರ್ರಿ, ಬಂದ ಕೆಲಸ ಹಾಳು ಮಾಡಬ್ಯಾಡ್ರಿ ಅಂದ. ಎಲ್ಲಾರೂ ನಕ್ಕೋತ ಒತ್ತಾಕ ಹತ್ತಿದ್ರು. ತಮ್ಮ ಅವ್ವ ಅಪ್ಪನ ಲಗ್ನ ಸುಳ್ಳಂತ ಒತ್ತಿ ಒತ್ತಿ ಸಂಜಿಕೆ ಬಸ್ ಹಿಡದು ಮನಿಗೆ ಹೋದ್ರು.

ಅವರಾಗ ಅಳವಂಡಿಯಾಕಿ ಒಬ್ಬಾಕಿ ಇದ್ಲು. ಮೂವತ್ತರ ಆಸುಪಾಸಿನಾಕಿ, ನನ್ನ ಮಗ್ಗಲದ ಕುರ್ಚಿ. ಮಾತು ಕಡಿಮಿ, ನಗು ಜಾಸ್ತಿ. ಆಕಿ ಗಂಡ ಆಕಿ ಅವ್ವನ ಸ್ವಂತ ತಮ್ಮ. ಹೆದ್ದಾರಿ ಮಗ್ಗಲದ ಒಂದು ಕಾರ್ಖಾನ್ಯಾಗ ಕೆಲಸಾ ಮಾಡತಿದ್ದ, ಪಾಳಿ ಮುಗಿಸಿ ಬರೋವಾಗ ಗಾಡಿ ತಂದು ಭಾಂಡೆ ಅಂಗಡಿ ಮುಂದ ನಿಲ್ಲಿಸಿ ಹಾರ್ನ್ ಹೊಡಿತಿದ್ದ. ಲಗ್ನ ಆಗಿ ಎರಡು ಮಕ್ಕಳಾದ್ರೂ ಆಕಿ ಅಂವನ್ನ ಮಾಮಾ ಅಂತನ ಕರಿತಿದ್ಲು. ಆ ನಿಯಮ ಬಂದ ದಿನ ಕೆಳಗ ಇಳದು, ಮಾಮಾ, ನೀ ನನಗ ಗಂಡ ಅಲ್ಲಂತ, ಮಷೀನಿಗೆ ಹೇಳಿ ಬಂದೀನಿ ಅಂದ್ಲು. ಅಂವ ಗಾಡಿ ಚಾಲೂ ಮಾಡಕೋತ, ಗಂಡ ಸುಳ್ಳಾದ್ರ ಆತು, ಮಾಮಾ ಕರಕೊಂಡು ಹೊಕ್ಕಾನ, ಹತ್ತು ಅಂದ. ನಾನೂ ನಕ್ಕೆ. ಅಷ್ಟೂರಾಗ ನನಗ ಛಲೋ ಅನಿಸಿದ ಗಂಡಸು ಅಂದ್ರ ಅವನೊಬ್ಬನ.

ಅಂವ ಕಾರ್ಖಾನಿ ಒಳಗ ಕ್ರೇನಿನ ಕೆಳಗ ಸಿಕ್ಕು ಸತ್ತ. ಮುಂದಿನ ಬ್ಯಾಸಿಗ್ಯಾಗ. ಆಕಿಗೆ ಫೋನ್ ಬಂದಾಗ ಆಕಿ ನನ್ನ ಮಗ್ಗಲಕ್ಕ ಕುಂತು ಯಾವುದೋ ಊರು ಯಾವುದೋ ಹೊಳಿ ದಂಡಿ ಮ್ಯಾಲ ಐತಿ ಅನ್ನೋದನ್ನ ನೋಡಾಕತ್ತಿದ್ಲು.

ಮಣ್ಣಿಗೆ ನಾವೆಲ್ಲ ಅಳವಂಡಿಗೆ ಹೋಗಿದ್ವಿ. ಅಲ್ಲಿ ನಾನು ಮೊದಲನೇ ಸಲ ಆಕಿ ಅವ್ವನ್ನ ನೋಡಿದ್ದು. ಆ ಮುದುಕಿ ಸಣ್ಣಾಕಿ ಇದ್ದಾಗ ತಾಯಿ ಈ ತಮ್ಮನ್ನ ಹಡದು ಸತ್ತಿದ್ಲಂತ. ಅಂವನ್ನ ಸೊಂಟದ ಮ್ಯಾಲ ಹೊತಗೊಂಡು ಹೊಲಾ ಮನಿ ಮಾಡಿ ಬೆಳಸಿದಾಕಿ ಇಕಿನ. ಗಂಡ ತೀರಿದ ಮ್ಯಾಲ ತವರಿಗೆ ಬಂದು, ತನ್ನ ಮಗಳನ್ನ ತಮ್ಮಗ ಕೊಟ್ಟು, ಅವರ ಜೋಡಿ ಉಳದಿದ್ಲು. ಸತ್ತಾಂವ ಆಕಿಗೆ ತಮ್ಮ, ಅಳಿಯ, ತಾನು ಹಡೀದಿದ್ರೂ ಮಗ, ಎಲ್ಲಾ ಅವನ. ಅವತ್ತು ಆಕಿ ಮುಂದ ಯಾರಿಗೂ ನಿಲ್ಲಾಕ ಆಗಲಿಲ್ಲ.

ಅದರಾಗ ಒಬ್ಬ ಪೋರ್ಟಲ್‌ನಾಂವ ಮೈಕ್ ಹಿಡಕೊಂಡು ಬಂದಿದ್ದ, ಕುಷ್ಟಗಿಯಾಂವ. ಮನಿ ಮಂದಿ ಮಾತಾಡೋ ಸ್ಥಿತ್ಯಾಗ ಇರಲಿಲ್ಲ. ಅಂವ ಕಟ್ಟಿ ಮ್ಯಾಲ ಕುಂತ ಒಬ್ಬ ಮುದುಕನ್ನ ಹಿಡದು, ಸತ್ತವರಿಗೆ ಯಾರು ಯಾರು ಅದಾರ ಅಂತ ಕೇಳಿದ. ಮುದುಕ, ಅಕ್ಕ ಅದಾಳ, ಅಕ್ಕನ ಮಗಳು ಅದಾಳ, ಎರಡು ಮಕ್ಕಳು ಅದಾವು ಅಂದ. ಊರಾಗ ಕೇಳಿದ್ರ ಇಷ್ಟ ಹೇಳೋದು. ಅಕ್ಕನ ಮಗಳನ್ನ ಮಾಡಕೊಂಡಾನ ಅಂತ ಊರಿಗೆಲ್ಲ ಗೊತ್ತಿರುವಾಗ ಮ್ಯಾಲ ಮತ್ತ ಹೆಂಡ್ತಿ ಅದಾಳ ಅಂತ ಯಾರು ಹೇಳತಾರ? ಈ ಪೋರ್ಟಲ್‌ನಾಂವ ಇದ ಮಣ್ಣಾಗ ಹುಟ್ಟಿ ಬೆಳದಾಂವ, ಅವಗೂ ತಿಳದಿತ್ತು. ಆದ್ರ ಬರಿಯಾಕ ಕುಂತಾಗ ಪುಸ್ತಕದ ಕನ್ನಡ ಬಂದು ಹೊಕ್ಕೊಂಡಿತು. ಮೃತರು ಅಕ್ಕ, ಅಕ್ಕನ ಮಗಳು ಹಾಗೂ ಇಬ್ಬರು ಮಕ್ಕಳನ್ನು ಅಗಲಿದ್ದಾರೆ ಅಂತ ಬರದ. ಸಂಜಿಮಟ ಗಂಗಾವತಿಯಾಂವ, ಯಲಬುರ್ಗಾದಾಂವ ಇಬ್ಬರೂ ಎತ್ತಿ ಹಾಕಿದ್ರು.

ಸತ್ತವನ ಹೆಂಡ್ತಿಗೆ ನೌಕರಿ ಕೊಡತೀವಿ ಅಂತ ಕಾರ್ಖಾನಿಯವರು ಮಣ್ಣಿನ ದಿನಾನ ಹೇಳಿದ್ರು. ಸಾಮಾನು ಕೋಣ್ಯಾಗ ಕಾಯಂ ಕೆಲಸ. ನಮ್ಮ ಆಫೀಸಿನದು ಇವತ್ತು ಐತಿ ನಾಳೆ ಇಲ್ಲ ಅನ್ನೋ ಕೆಲಸ, ಮಾತು ಆಗಲೇ ಮುಚ್ಚೋದಕ್ಕ ಬಂದಿತ್ತು. ಎರಡು ಮಕ್ಕಳು, ಮುದುಕಿ, ಮೂರೂ ಹೊಟ್ಟಿ ಆ ನೌಕರಿ ಮ್ಯಾಲ ನಿಂತಿದ್ವು. ಆಕಿ ರೇಶನ್ ಕಾರ್ಡ್, ಆಧಾರ್, ಲಗ್ನದ ಫೋಟೋ ಎಲ್ಲಾ ಒಯ್ದು ಕೊಟ್ಲು. ಒಂದು ವಾರ ಬಿಟ್ಟು ಬರ್ರಿ ಅಂದ್ರು. ಹೋದ್ರ ಮುಂದಿನ ವಾರ ಅಂದ್ರು. ಆಮ್ಯಾಲ ನನ್ನ ಕರಕೊಂಡು ಹೋದ್ಲು.

ಅಲ್ಲಿ ಎಸಿ ಕೋಣ್ಯಾಗ ಒಬ್ಬ ಅಧಿಕಾರಿ ಕುಂತಿದ್ದ. ಇನ್ನೂ ಮೀಸಿ ಸರಿಯಾಗಿ ಬಂದಿರಲಿಲ್ಲ, ಮಾತು ಮಾತ್ರ ಬಲಿತಿತ್ತು. ಕಾಗದ ಪತ್ರ ತಪಾಸ ಮಾಡೋದನ್ನ ಕಾರ್ಖಾನಿಯವರು ಹೊರಗಿನ ಒಂದು ಕಂಪನಿಗೆ ಕೊಟ್ಟಾರಂತ. ಆ ಕಂಪನಿ ಹಂತ್ಯಾಕ ಒಂದು ಮಷೀನು ಐತೆಂತ. ಅದು ನೆಟ್ ಎಲ್ಲಾ ಓದಿ ಯಾರು ಯಾರಿಗೆ ಏನಾಗಬೇಕು ಅಂತ ಹೇಳತೈತಂತ. ಅಳವಂಡಿಯಾಕಿ ನನ್ನ ಮಾರಿ ನೋಡಿದ್ಲು. ಅಧಿಕಾರಿ ಪರದೆ ತಿರುಗಿಸಿ ತೋರಿಸಿದ. ಅಕ್ಕನ ಮಗಳು, ಖರೇ. ಹೆಂಡ್ತಿ, ಸುಳ್ಳು. ಕೆಂಪು ಅಕ್ಷರದಾಗ ಇತ್ತು.

ನಾನು ಸುಮ್ಮನಿರೋ ಜಾತಿ ಅಲ್ಲ. ಇದನ್ನ ಕಲಿಸಿದ್ದು ನಾವು, ಕಲಿಸಿದ ಪಾಠಾನ ತಪ್ಪೈತಿ ಅಂತ ಮೇಜು ಬಡದು ಹೇಳಿದೆ. ಅಂವ ನನ್ನ ಮಾತಿಗೆ ಸಿಟ್ಟಾಗಲಿಲ್ಲ, ಸಿಟ್ಟಾಗಿದ್ರ ಛಲೋ ಇತ್ತು. ಕನಿಕರ ತೋರಿಸಿದ. ನೋಡ್ರಿ ಅಕ್ಕಾರ, ನನಗೂ ಗೊತ್ತೈತಿ, ನಮ್ಮ ಮನ್ಯಾಗೂ ಇಂಥಾ ಲಗ್ನ ಅದಾವು, ಆದ್ರ ನನಗ ಗೊತ್ತಿದ್ರ ಏನು ಉಪಯೋಗ, ವರದಿ ಹಸಿರು ಬಂದ್ರ ಮಾತ್ರ ಮುಂದಿನ ಸಹಿ ಆಗತೈತಿ ಅಂದ. ತಿಳೀದವರನ್ನ ಬೈಬೋದು. ತಿಳದೂ ಮಷೀನಿನ ಸೆರಗಿನ ಹಿಂದ ಕುಂದರೋ ಇಂಥಾ ಗಂಡಸರನ್ನ ಬೈಯಾಕ ನನ್ನ ಹಂತ್ಯಾಕ ಶಬ್ದ ಇಲ್ಲ.

ಪುಟಾನ ಸುಧಾರಿಸಿದ್ರ ಆತಲ್ಲ ಅಂತ ನಾವಿಬ್ಬರೂ ಕುಷ್ಟಗಿ ಬಸ್ ಹತ್ತಿದ್ವಿ. ಪೋರ್ಟಲ್‌ನಾಂವ ಮೊಬೈಲ್ ರಿಚಾರ್ಜ್ ಅಂಗಡಿ ಇಟ್ಟಿದ್ದ. ಭಾಳ ಮರ್ಯಾದಿ ಮಾಡಿದ, ಮಂಡಕ್ಕಿ ಮಿರ್ಚಿ ತರಿಸಿದ. ಅಕ್ಕಾ, ನಿಮ್ಮ ಕಷ್ಟ ನನ್ನ ಕಷ್ಟ, ಒಂದು ಸಾಲು ಏನು, ಪೂರಾ ಸುದ್ದೀನ ಹಾಕತೀನಿ ಅಂದ. ಅಂವ ಹಳೇ ಸಾಲು ತಿದ್ದಲಿಲ್ಲ. ಮರುದಿನ, ಸೋದರಮಾವನನ್ನೇ ವರಿಸಿದ್ದ ಮಹಿಳೆ, ನೌಕರಿಗಾಗಿ ಕಣ್ಣೀರು ಅಂತ ಹೊಸಾ ಸುದ್ದಿ ಹಾಕಿದ. ಆಕಿ ಫೋಟೋ ಬ್ಯಾರೆ, ಮಿರ್ಚಿ ತಿನ್ನುವಾಗ ಹೊಡಕೊಂಡಿದ್ದು. ಎಲ್ಲಾ ತಾಲೂಕಿನವರು ಎತ್ತಿ ಹಾಕಿದ್ರು. ಮೊದಲು ಮಷೀನಿಗೆ ಅಕ್ಕನ ಮಗಳು ಅಂತ ಮೂರು ಪುಟ ಹೇಳತಿದ್ವು, ಈಗ ಗಂಡನೂ ಹೌದು ಸ್ವಾದರಮಾವನೂ ಹೌದು ಅಂತ ಒಂದು ಹಿಂಡು ಪುಟ ಹೇಳಾಕತ್ತಿದ್ವು. ಮಷೀನಿಗೆ ತಲಿ ತಿರುಗಿ ಇಡೀ ಅರ್ಜೀನ ಅನುಮಾನ ಅಂತ ತೆಗೆದಿಟ್ಟಿತು.

ನಾನು ತರಬೇತಿಯಾಂವಗ ಫೋನ್ ಹಚ್ಚಿದೆ. ಹಿಂಗ ಹಿಂಗ ಆಗೇತಪ್ಪಾ, ನಿನ್ನ ನಿಯಮದಿಂದ ಒಬ್ಬಾಕಿ ಸಂಸಾರ ಬೀದಿಗೆ ಬರಾಕತ್ತೈತಿ, ತಗಿಸು ಅಂದೆ. ಅಂವ ಆ ಕಂಪನಿ ಬಿಟ್ಟು ಬ್ಯಾರೆ ಕಂಪನಿ ಸೇರಿದ್ದ. ಅಲ್ಲಿ ಮಷೀನಿಗೆ ಅಡಗಿ ಕಲಿಸಾಕತ್ತೀನಿ ಮೇಡಂ ಅಂತ ಖುಷೀಲೆ ಹೇಳಿದ. ಫೋನ್ ಇಟ್ಟೆ.

ಕಡಿಗೆ ಹಾದಿ ತೋರಿಸಿದಾಂವ ಆ ಎಸಿ ಕೋಣಿ ಅಧಿಕಾರಿನ. ಎರಡೂ ಕೂಡಿ ಇರಾಕ ಬರೂದಿಲ್ಲ ಅಂದ್ರ ಒಂದನ್ನ ತಗಿಯೋಣ್ರಿ ಅಂದ. ಹೆಂಡ್ತಿ ಅನ್ನೋದು ಬೇಕು, ನೌಕರಿ ಅದರ ಮ್ಯಾಲ ಐತಿ. ಅಂದ್ರ ಸ್ವಾದರಮಾವ ಅನ್ನೋದು ಹೋಗಬೇಕು. ಅಂವ ಇವರ ತಾಯಿಗೆ ಸ್ವಂತ ತಮ್ಮ ಅಲ್ಲ, ಅವರಪ್ಪ ಎಲ್ಲಿಂದೋ ತಂದು ಸಾಕಿದ ಹುಡುಗ, ಅದಕ್ಕ ಅಪ್ಪನ ಹೆಸರು ಹಚ್ಚಿಕೊಂಡಾನ ಅಂತ ತಾಯಿ ಒಂದು ಹೇಳಿಕಿ ಕೊಡಲಿ. ವಿಡಿಯೋದಾಗ ಹೇಳಿದ್ರ ಸಾಕು, ಮಷೀನು ಅದನ್ನೂ ಓದತೈತಿ, ಮನಿಯವರ ಹೇಳಿಕಿಗೆ ಪುಟಕ್ಕಿಂತ ಜಾಸ್ತಿ ತೂಕ ಕೊಡತೈತಿ ಅಂದ. ಇದನ್ನ ಹೇಳುವಾಗ ಅವನ ಮಾರಿ ಮ್ಯಾಲ ದೊಡ್ಡ ಉಪಕಾರ ಮಾಡಿದ ಕಳಾ ಇತ್ತು.

ಅಳವಂಡಿಯಾಕಿ ಬ್ಯಾಡ ಅಂದ್ಲು. ನನಗ ಆ ನೌಕರಿನ ಬ್ಯಾಡ, ಕೂಲಿ ಮಾಡತೀನಿ ಅಂತ ಎದ್ದು ಹೊರಗ ಬಂದ್ಲು. ಮನಿಗೆ ಹೋಗಿ ಅವ್ವಗ ಹೇಳಲೂ ಇಲ್ಲ. ನಾನೂ ಬಾಯಿಗೆ ಬೀಗ ಹಾಕ್ಕೊಂಡೆ. ಆದ್ರ ಮುದುಕಿಗೆ ಹೆಂಗೋ ಖಬರ್ ಮುಟ್ಟಿತು. ಒಂದು ಮುಂಜಾನೆ ಒಬ್ಬಾಕಿನ ಬಸ್ ಹತ್ತಿ ಕೊಪ್ಪಳಕ್ಕ ಬಂದು ನಮ್ಮ ಮನಿ ಹುಡಿಕಿಕೊಂಡು ಬಂದ್ಲು. ಚಾ ಕುಡಿಲಿಲ್ಲ. ಆ ಹೇಳಿಕಿ ನಾ ಕೊಡತೀನಿ ಅಂದ್ಲು. ಮಗಳಿಗೆ ಫೋನ್ ಮಾಡಿ ಕರಸು ಅಂದ್ಲು. ಆಕಿ ಬಂದು ಅತ್ತು ಕರದು ತಡದ್ಲು. ಮುದುಕಿ ಕೇಳಲಿಲ್ಲ. ಅಂವನ ಮಕ್ಕಳು ಉಣಬೇಕಲ್ಲ ಅಂದ್ಲು. ಮೂವರೂ ಕಾರ್ಖಾನಿಗೆ ಹೋದ್ವಿ.

ಅಧಿಕಾರಿ ಫೋನನ್ನ ನೀರಿನ ಬಾಟಲಿಗೆ ಆನಿಸಿ ನಿಲ್ಲಿಸಿದ. ಮುದುಕಿನ್ನ ಅದರ ಮುಂದ ಕುಂದರಿಸಿದ. ಏನು ಹೇಳಬೇಕು ಅನ್ನೋದನ್ನ ಎರಡೆರಡು ಸಲ ಹೇಳಿಕೊಟ್ಟ. ಹೇಳಜ್ಜಿ ಅಂದ.

“ನನ್ನ ತಮ್ಮ ನನಗ ತಮ್ಮ ಅಲ್ರಿ” ಅಂದ್ಲು ಮುದುಕಿ.

ಹಂಗಲ್ಲ ಅಜ್ಜಿ ಅಂದ. ತಮ್ಮ ಅನ್ನೋ ಶಬ್ದಾನ ಅನಬ್ಯಾಡ್ರಿ, ಮಷೀನು ಅದನ್ನ ಹಿಡಿತೈತಿ. ಮ್ಯಾಲಿಂದ ಸುರು ಮಾಡ್ರಿ. ಮುದುಕಿ ಸೆರಗು ಸರಿ ಮಾಡಕೊಂಡ್ಲು. ನಮ್ಮಪ್ಪ ಸಾಕಿದ ನನ್ನ ತಮ್ಮ ಅಂತ ಸುರು ಮಾಡಿದ್ಲು. ಮತ್ತ ನಿಲ್ಲಿಸಿದ. ಆಕಿಗೆ ಸುಳ್ಳು ಹೇಳಾಕ ಬ್ಯಾಡಾಗಿರಲಿಲ್ಲ. ಹೇಳಬೇಕಂತನ ಬಂದಿದ್ಲು. ಆದ್ರ ಆ ಶಬ್ದ ಬಿಟ್ಟು ಅಂವನ್ನ ಏನಂತ ಕರೀಬೇಕು ಅಂತ ಆಕಿಗೆ ಗೊತ್ತ ಇರಲಿಲ್ಲ. ಮಗಳು ಗ್ವಾಡಿ ಕಡೆ ಮಾರಿ ಮಾಡಿ ನಿಂತಿದ್ಲು. ನನ್ನ ಕೈ ಆ ಬಾಟಲಿ ಕಡೆನ ಹೋಗತಿತ್ತು, ಎತ್ತಿ ಒಗದು ಬಿಡಬೇಕು ಅಂತ. ಹಿಡಕೊಂಡೆ. ಕಡಿಗೆ ಅಧಿಕಾರಿ, ಅಜ್ಜಿ, ಅಳಿಯ ಅನ್ರಿ, ನನ್ನ ಅಳಿಯ ಅನ್ರಿ ಅಂದ. ಆಕಿ ಆ ಶಬ್ದಾನ ಬಾಯಾಗ ಒಂದೆರಡು ಸಲ ಅಂದು ನೋಡಿದ್ಲು. ಆಮ್ಯಾಲ ಫೋನ್ ನೋಡಿ, ನನ್ನ ಅಳಿಯ ನಮ್ಮಪ್ಪ ತಂದು ಸಾಕಿದ ಹುಡುಗ, ನನಗ ಒಡಹುಟ್ಟಿದವರು ಯಾರೂ ಇಲ್ಲ ಅಂತ ತಡೀದ ಹೇಳಿದ್ಲು. ಛಲೋ ಆತು ಅಜ್ಜಿ ಅಂದ ಅಧಿಕಾರಿ.

ಕೆಲವು ದಿನ ಬಿಟ್ಟು ವರದಿ ಹಸಿರು ಬಂತು. ಅಳವಂಡಿಯಾಕಿಗೆ ನೌಕರಿ ಆತು. ಈಗೂ ಐತಿ. ಮುಂಜಾನೆ ಕಾರ್ಖಾನಿ ಬಸ್ ಊರ ಮುಂದ ಬಂದು ಕರಕೊಂಡು ಹೊಕ್ಕೈತಿ. ನಮ್ಮ ಭಾಂಡೆ ಅಂಗಡಿ ಮ್ಯಾಲಿನ ಆಫೀಸು ಮುಚ್ಚಿತು, ಕೂಸು ದೊಡ್ಡದಾತು, ಇನ್ನ ತಾಯಂದಿರು ಬ್ಯಾಡ ಅಂತ ಒಂದು ಸಂದೇಶ ಬಂತು. ನಾನು ಓದಿ ಅಳಿಸಿದೆ.

ವರ್ಷದ ಕಾರ್ಯಕ್ಕ ಅಳವಂಡಿಗೆ ಹೋಗಿದ್ದೆ. ಪಡಸಾಲ್ಯಾಗ ಅಂವನ ಫೋಟೋ ಇಟ್ಟು ಹಾರ ಹಾಕಿ, ಮುಂದ ಎಡಿ ಹಿಡದಿದ್ರು. ಬಳಗ ಎಲ್ಲಾ ಬಂದಿತ್ತು. ನಮ್ಮ ಕಡೆ ಹೆಣ್ಣುಮಕ್ಕಳು ಸುಮ್ಮನ ಅಳೂದಿಲ್ಲ, ಹಾಡ್ಯಾಡಿಕೊಂಡು ಅಳತಾರ. ಸತ್ತಾಂವ ತನಗ ಏನಾಗಬೇಕು ಅದನ್ನ ಕರದು ಕರದು, ಅಂವ ಹೆಂಗಿದ್ದ, ಏನು ತಂದು ಕೊಟ್ಟ, ಎಲ್ಲಾ ಹೇಳಿಕೊಂಡು ಅಳತಾರ. ಮುದುಕಿ ಬಂದು ಫೋಟೋದ ಮುಂದ ಕುಂತ್ಲು. ಓಣಿ ಹೆಣ್ಣುಮಕ್ಕಳು ಸುತ್ತ ಕುಂತ್ರು. ಒಬ್ಬಾಕಿ ಅಯ್ಯ ನಿನ್ನ ತಮ್ಮ ಎಂಥಾಂವ ಇದ್ನಲ್ಲವ್ವಾ ಅಂತ ಸುರು ಮಾಡಿದ್ಲು.

ಮುದುಕಿ ಆಕಿ ಬಾಯಿ ಮ್ಯಾಲ ಕೈ ಇಟ್ಲು. ಬಳಗದಾಗ ಯಾರೋ ವಿಡಿಯೋ ಮಾಡಾಕ ಫೋನ್ ಎತ್ತಿ ಹಿಡದಿದ್ರು, ಅದನ್ನ ನೋಡಿದ್ಲು. ಹಂಗ ಅನಬ್ಯಾಡ್ರವ್ವಾ, ನನ್ನ ಮಗಳ ನೌಕರಿ ಹೊಕ್ಕೈತಿ ಅಂತ ಸಣ್ಣ ದನ್ಯಾಗ ಎಲ್ಲಾರಿಗೂ ಹೇಳಿದ್ಲು. ಆಮ್ಯಾಲ ಫೋಟೋದ ಕಡೆ ತಿರುಗಿ, ತಾನು ಎತ್ತಿ ಬೆಳಸಿದ ತಮ್ಮನ್ನ ನನ್ನ ಅಳಿಯಾ, ನನ್ನ ಅಳಿಯಾ ಅಂತ ಕರದು ಅತ್ಲು.